ತುರಿಸುವ ಗೆರೆ

ಯಾರಾದರೂ ಪ್ರೀತಿಯಿಂದ ನೆನೆದರೆ, ಎಲ್ಲರಂತೆ ನೀಲವ್ವನ ತೋಳಿನ ಮೇಲೂ ಒಂದು ಗೆರೆ ಮೂಡುತ್ತಿತ್ತು. ಶಾಲೆಯಲ್ಲಿ ಬಿಸಿಯೂಟ ಬಡಿಸಿದ ತೋಳು ಗೆರೆಗಳಿಂದ ತುಂಬಿತ್ತು. ಹಿಮ್ಮಡಿ ಒಡಕಿಗೆಂದು ಬಂದವಳು ಹೊಸ ಗೆರೆಯೊಂದನ್ನು ಕೆರೆದುಕೊಳ್ಳುವುದನ್ನು ಕಂಡು ಡಾಕ್ಟರ್ ಶಕೀಲಾಗೆ ಅನುಮಾನ ಬಂದಿತ್ತು. ನೆನೆದವರು ಎದುರಿಗಿದ್ದರಷ್ಟೇ ಗೆರೆ ತುರಿಸುವುದು. ಇಲ್ಲದಿದ್ದರೆ ಅದು ರೋಗ. ಆದರೆ ರೋಗದ ಮುಲಾಮು ಹಚ್ಚಿದರೆ ಅಕ್ಕಪಕ್ಕದ ಗೆರೆಗಳೂ ಅಳಿಯುತ್ತವೆ, ಮೊದಲು ಖಚಿತವಾಗಬೇಕಿತ್ತು. ಭೂತಗನ್ನಡಿಯಲ್ಲಿ ತಿಳಿಯದೆ, ಜೋಳದ ಕಾಳಿನಷ್ಟು ಚರ್ಮ ತೆಗೆದು ಬಯಾಪ್ಸಿಗೆ ಕಳಿಸಿದ್ದಳು.

ಇವತ್ತು ವರದಿ ಬಂದಿತ್ತು. "ರೋಗ ಅಲ್ಲಬೇ ಅಜ್ಜಿ, ನೆನಪಿನ ಗೆರಿನ ಐತಿ."

"ಮತ್ತ ತುರಸತೈತಲ್ಲವಾ?"

ಮೊದಲ ದಿನವೇ ಕೇಳಬೇಕಿದ್ದುದನ್ನು ಶಕೀಲಾ ಈಗ ಕೇಳಿದಳು. "ಯಾವಾಗ ತುರಸತೈತಿ?"

"ಮನ್ಯಾಗ ಇಲ್ಲ. ನಿನ್ನ ಮುಂದ ಕುಂತಾಗ ಅಷ್ಟ."

ಶಕೀಲಾ ಗಾಯದ ಪಟ್ಟಿ ಬಿಚ್ಚುತ್ತಾ ತಲೆ ತಗ್ಗಿಸಿದಳು. "ಮೂರನೇ ಕ್ಲಾಸಿನ್ಯಾಗ ನನಗ ದಿನಾ ಒಂದ್ ಸೌಟು ಸಾರು ಜಾಸ್ತಿ ಹಾಕ್ತಿದ್ರಿ. ಅವ್ರು ನೀವ ಅಂತ ಗುರ್ತ ಹಿಡಿಲಿಲ್ಲ ನಾ."

ನೀಲವ್ವ ಅವಳ ಮುಖವನ್ನೇ ನೋಡುತ್ತಾ ಹಾಯಾಗಿ ಕೆರೆದುಕೊಂಡಳು.