ನೆರಳಲ್ಲಿ ಒಣಗಬೇಕಾದ ತಲೆ

"ಹಿಂಡಬೇಡ." ತಿಂಗಳಿಂದ ಮಗಳ ಜೊತೆ ಮಾತು ಬಿಟ್ಟಿದ್ದ ಅಪ್ಪ ಬಚ್ಚಲ ಬಾಗಿಲಲ್ಲಿ ನಿಂತು ಗದರಿದ. "ಉಣ್ಣೆನ ಯಾರಾದ್ರೂ ಹೀಗೆ ಹಿಂಡ್ತಾರಾ?"

"ಮತ್ತೇನ್ ಮಾಡ್ಲಿ? ಒಂದೊಂದು ಜಡೆನೂ ಒಂದೊಂದು ಚೊಂಬು ನೀರು ಕುಡಿದು ಕೂತಿದೆ. ಕತ್ತು ಬಿದ್ಹೋಗ್ತಿದೆ." ಅವಳು ಕೂದಲಿಗೆ ನೇರಳೆ ಉಣ್ಣೆಯ ಐವತ್ತು ಜಡೆಗಳನ್ನು ಹೆಣೆಸಿಕೊಂಡು ಬಂದ ದಿನವೇ ಅಪ್ಪನ ಮಾತು ನಿಂತಿತ್ತು. ಪಕ್ಕದ ಮನೆಯಾಕೆಯ ಕಣ್ಣಿಗೆ ಬೀಳಬಾರದೆಂದು ಅವನು ಬಾಲ್ಕನಿಯ ಬಾಗಿಲಿಗೂ ಚಿಲಕ ಹಾಕಿಟ್ಟಿದ್ದ. ಆದರೆ ಮೂವತ್ತು ವರ್ಷ ಲಾಂಡ್ರಿ ನಡೆಸಿದ ಕೈ ಅದು, ಸುಮ್ಮನಿರಲಿಲ್ಲ. ಟವೆಲ್ ತಂದು ಜಡೆಗಳನ್ನು ಒಂದೊಂದಾಗಿ ಅದರೊಳಗಿಟ್ಟು ಒತ್ತತೊಡಗಿತು.

"ಬಿಸಿನೀರು ಹಾಕಿದ್ಯಾ?"

"ಸ್ವಲ್ಪ ಬೆಚ್ಚಗಿತ್ತು."

"ನೋಡು, ತುದಿಯೆಲ್ಲಾ ಮುದುರಿ ಗಂಟಾಗಿದೆ. ಇಷ್ಟು ವರ್ಷ ನನ್ನ ಮನೇಲಿದ್ದು ಇದೇನಾ ನೀನು ಕಲಿತಿದ್ದು?" ಅಪ್ಪ ಸಿಡುಕುತ್ತಲೇ ಬಾಲ್ಕನಿಯ ಚಿಲಕ ತೆಗೆದ. ಬಟ್ಟೆ ಒಣಹಾಕುವ ಹಗ್ಗವನ್ನು ತಗ್ಗಿಸಿ ಕಟ್ಟಿ, ಮಗಳನ್ನು ಅದರಡಿ ಸ್ಟೂಲಿನ ಮೇಲೆ ಕೂರಿಸಿ, ಜಡೆಗಳಿಗೆ ಸಾಲಾಗಿ ಕ್ಲಿಪ್ಪು ಹಾಕುತ್ತಾ ಹೋದ.

"ಅಪ್ಪಾ, ಕತ್ತು ತಿರುಗಿಸಕ್ಕಾಗ್ತಿಲ್ಲ."

"ಯಾಕೆ ತಿರುಗಿಸ್ಬೇಕು? ತೆಪ್ಪಗೆ ಕೂತ್ಕೋ."

ಪಕ್ಕದ ಬಾಲ್ಕನಿಯಲ್ಲಿ ಬೆಡ್‌ಶೀಟು ಹರವುತ್ತಿದ್ದ ಆಕೆಯ ಕೈ ಅಲ್ಲೇ ನಿಂತಿತು. "ಏನ್ರೀ ಇದು, ಮಗಳನ್ನೇ ಒಣಗ್ಹಾಕಿದೀರಾ?" ಮಗಳು ಕಣ್ಣು ಮುಚ್ಚಿಕೊಂಡಳು.

ಅಪ್ಪ ಕ್ಲಿಪ್ಪಿನಿಂದ ಕಣ್ಣೆತ್ತಲಿಲ್ಲ. "ಉಣ್ಣೆ ಕಣ್ರೀ, ನೆರಳಲ್ಲೇ ಒಣಗ್ಬೇಕು. ನಿಮ್ಮ ಬೆಡ್‌ಶೀಟು ಸ್ವಲ್ಪ ಆಚೆ ಎಳ್ಕೊಳ್ಳಿ, ಮಗುಗೆ ಗಾಳಿ ಬರ್ಲಿ."