ಐವತ್ತಕ್ಕೆ ಐವತ್ತು

ಬಾಸ್ಕೆಟ್‌ಬಾಲ್ ಎಸೆತದ ಭೌತಶಾಸ್ತ್ರ ನಮ್ಮ ಗುಂಪಿನ ಪ್ರಾಜೆಕ್ಟ್. ಲೆಕ್ಕವೆಲ್ಲ ಸುಘೋಷನದು, ಕಾಲೇಜು ತಂಡದಲ್ಲಿ ಆಡುವ ನಾನು ಚೆಂಡು ಎಸೆಯುವವಳು.

“ಫಿಸಿಕ್ಸ್ ನಿನ್ ತಲೆಗೆ ಹತ್ತಲ್ಲ, ಸುಮ್ನೆ ಎಸಿ,” ಎಂದ.

ಐವತ್ತು ಸಲ ಎಸೆದೆ, ಮೂವತ್ತೆಂಟು ಬುಟ್ಟಿಗೆ ಬಿದ್ದವು. ಅವನ ಸೂತ್ರದ ಪ್ರಕಾರ ಎಲ್ಲವೂ ಬೀಳಬೇಕಿತ್ತು. ಹಾಗಾಗಿ ವರದಿಯಲ್ಲಿ ಐವತ್ತಕ್ಕೆ ಐವತ್ತು ಎಂದು ಬರೆದ. ಎಸೆದವರ ಜಾಗದಲ್ಲಿದ್ದ ನನ್ನ ಹೆಸರು ಹೊಡೆದುಹಾಕಿ ತನ್ನದನ್ನೇ ಹಾಕಿಕೊಂಡ.

ವೈವಾದಲ್ಲಿ ಮೇಡಂ ಅವನನ್ನು ಕೇಳಿದರು: “ಒಂದೂ ತಪ್ಪಿಲ್ವಾ? ನೀನೇ ಎಸೆದಿದ್ದಾ?”

“ಹೌದು ಮೇಡಂ. ಎಸೆಯೋದೇನ್ ಮಹಾ! ಲೆಕ್ಕ ಗೊತ್ತಿದ್ರೆ ಸಾಕು. ಆಡೋರಿಗೆ ತಲೆ ಇರಲ್ಲ, ಅಷ್ಟೆ.”

ಮೇಡಂ ನನ್ನ ಕಡೆ ಒಮ್ಮೆ ನೋಡಿ ಫೋನ್ ತೆಗೆದರು. “ಪಿ.ಟಿ. ಸರ್, ನಾಳೆ ಫೈನಲ್‌ಗೆ ಹುಡುಗರ ಟೀಮಲ್ಲಿ ಒಬ್ಬ ಕಮ್ಮಿ ಅಂತಿದ್ರಲ್ಲ? ಸಿಕ್ಕಿದ.”