ಖಾಲಿ ಬಿಟ್ಟ ಜಾಗ

ಊಟವಾದ ಮೇಲೆ ಪಾತ್ರೆಗಳನ್ನು ಸಿಂಕಿಗೆ ಹಾಕಿ, ಕೊರಿಯನ್ ಸ್ವಯಂಬೋಧಿನಿ ಹಿಡಿದು ಹಜಾರದಲ್ಲೇ ಕೂತೆ. ಮೊದಲ ಪಾಠವನ್ನು ಗಟ್ಟಿಯಾಗಿ ಓದತೊಡಗಿದೆ.

“ಇದನ್ನ ಕಲಿತು ಯಾರ ಹತ್ರ ಮಾತಾಡ್ತೀಯೆ? ಸೊಪ್ಪಿನವಳ ಹತ್ರಾನಾ?” ಎಂದರು ನಮ್ಮ ಯಜಮಾನರು. ಊಟಕ್ಕೆ ಬಂದಿದ್ದ ನಾದಿನಿ ಕಿಸಕ್ಕನೆ ನಕ್ಕಳು.

“ನಂಗಿಷ್ಟ, ಕಲೀತೀನಿ.”

“ಅರ್ಚನೆ ಮಾಡಿಸುವಾಗ ಪೂಜಾರಿ ಗಂಡನ ಹೆಸರು ಕೇಳಿದ್ರೆ ನನ್ನ ಕಡೆ ಬೆರಳು ತೋರಿಸೋಳು ನೀನು. ನಿನ್ನ ಬಾಯಲ್ಲಿ ಕೊರಿಯನ್ ಬರುತ್ತಾ?”

“ಬರುತ್ತೆ.”

“ಹಾಗಾದ್ರೆ ಈ ಪಾಠದಲ್ಲಿರೋ ಒಂದು ವಾಕ್ಯಾನ ಪುಸ್ತಕ ನೋಡದೆ ಹೇಳು. ತಡವರಿಸಿದ್ರೆ ಪುಸ್ತಕ ರದ್ದಿಗೆ.”

“ತಡವರಿಸದೇ ಇದ್ರೆ?”

“ಇವತ್ತು ಪಾತ್ರೆ ನಾನೇ ತೊಳೀತೀನಿ. ನನ್ನ ತಂಗೀನೇ ಸಾಕ್ಷಿ.”

ಅದು ಮನೆಯವರ ಪರಿಚಯ ಹೇಳುವ ಪಾಠ. ‘ನನ್ನ ಗಂಡನ ಹೆಸರು’ ಎಂಬ ವಾಕ್ಯದಲ್ಲಿ ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದರು. ಮದುವೆಯಾದಾಗಿನಿಂದ ನಾನೂ ಹಾಗೇ ಬಿಟ್ಟಿದ್ದೆ.

ಪುಸ್ತಕ ಮುಚ್ಚಿ ಎದ್ದು ನಿಂತೆ. ಅವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ:

“ನಾಮ್‌ಪ್ಯೊನ್ ಇರುಮುನ್ ತಿಪ್ಪೇರುದ್ರಪ್ಪ ಇಮ್ನಿದ.”

ನಾದಿನಿಯ ನಗು ನಿಂತೇ ಹೋಯಿತು.

“ಪಾತ್ರೆ ಸಿಂಕಲ್ಲಿದೆ, ತಿಪ್ಪೇರುದ್ರಪ್ಪನವ್ರೇ.”